ಎದುರು ನಿಂತು ಕುಣಿದವಳು

ಬಲಮಗ್ಗುಲು ಒಳಗೆ, ಎಡಮಗ್ಗುಲು ಅದರ ಮೇಲೆ. ಮಾತು ಕಲಿಯುವ ಮೊದಲೇ ಕೈ ಕಲಿತಿದ್ದ ಈ ಕೆಲಸವನ್ನು ಒಮಿನೆ ಆ ಬೆಳಿಗ್ಗೆ ಯೋಚಿಸಿ ಯೋಚಿಸಿ ಮಾಡಿದಳು. ಕಿಮೊನೊ ಉಟ್ಟು, ಬಿಚ್ಚಿ, ಮತ್ತೆ ಉಟ್ಟು, ನಡುಪಟ್ಟಿ ಬಿಗಿಯುವ ಮೊದಲು ಎದೆಯ ಮೇಲೆ ಅಂಗೈ ಇಟ್ಟು ಮೇಲಿನ ಅಂಚು ಯಾವ ಕಡೆಯಿಂದ ಬಂದಿದೆಯೆಂದು ಮುಟ್ಟಿ ನೋಡಿಕೊಂಡಳು. ಬಲಮಗ್ಗುಲು ಮೇಲೆ ಬರುವುದು ಬದುಕು ಮುಗಿದ ಮೇಲೆ, ಒಂದೇ ಸಲ. ಆಗ ಉಡಿಸುವವರು ಬೇರೆಯವರು. ಅವಳೇ ತನ್ನ ತಾಯಿಗೆ ಹಾಗೆ ಉಡಿಸಿದ್ದಳು. ಕೈ ಒಪ್ಪದೆ ಅಭ್ಯಾಸದ ಮೇಲೆ ಎಡಮಗ್ಗುಲನ್ನೇ ಮೇಲೆ ತಂದಾಗ ಚಿಕ್ಕಮ್ಮ, "ಏನೇ, ಮದುವೆಗೆ ಕಳಿಸ್ತಿದೀಯೇನೆ?" ಎಂದು ಗದರಿಸಿದ್ದಳು, ಅಳುತ್ತಿದ್ದವರೆಲ್ಲ ನಕ್ಕಿದ್ದರು. ಈಗ ಕನ್ನಡಿಯೊಳಗಿನ ಹೆಂಗಸಿನ ಎದೆಯ ಮೇಲೆ ಬಲಮಗ್ಗುಲೇ ಮೇಲಿತ್ತು. ಇಷ್ಟು ವರ್ಷ ದಿನಾ ಬೆಳಿಗ್ಗೆ ಈ ಹೆಣದ ಎದುರು ಕೂತು ತಲೆ ಬಾಚಿಕೊಂಡಿದ್ದೇನೆ, ಒಂದು ದಿನವೂ ಹೆದರಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟಳು. ಆಶ್ಚರ್ಯ ಎನ್ನುವುದು ಸರಿಯಾದ ಮಾತಲ್ಲ. ಹೆದರುವುದಕ್ಕೆ ತನಗೆ ಇನ್ನೂ ಒಂದು ಹೊಸ ವಿಷಯ ಉಳಿದಿತ್ತಲ್ಲ ಎಂಬ ಒಂದು ಬಗೆಯ ಸುಸ್ತು.

ಮಧ್ಯಾಹ್ನ ದೇವಸ್ಥಾನದ ಬೀದಿಯ ಚಿತ್ರಮಂದಿರದಲ್ಲಿ ಅವಳ ಕುಣಿತವನ್ನು ತೋರಿಸುವವರಿದ್ದರು. ಅವಳ ಗುರು ತಕಿನೊ ಸವಾ, ಕ್ಯೋತೊದ ಕಾಮೊ ನದಿಯ ಈಚೆ ದಡದ ನಾಟ್ಯಮನೆತನಗಳಲ್ಲೆಲ್ಲ ಹಿರಿಯರು, ಹುಟ್ಟಿದ ಮೇಲೆ ಮೊದಲ ಸಲ ಅಂಥ ಜಾಗಕ್ಕೆ ಬರುವವರಿದ್ದರು. ಚಿತ್ರ ಸರಿಯಾಗಿ ಬಂದಿದ್ದರೆ ತಕಿನೊ ಎಂಬ ಹೆಸರು ಇವತ್ತೇ ಒಮಿನೆಯದಾಗುತ್ತದೆ. ಆ ಹೆಸರಿನ ಜೊತೆಗೆ 'ದೋಣಿ ಕಾಯುವವಳು' ಎಂಬ ಆ ಮನೆಯ ಕುಣಿತವನ್ನು ಮುಂದಿನವರಿಗೆ ಕೊಡುವ ಹಕ್ಕೂ. ಸರಿಯಿಲ್ಲದಿದ್ದರೆ ಫಿಲ್ಮನ್ನು ಒಲೆಗೆ ಹಾಕಿ ಹೆಸರನ್ನು ನನ್ನ ಜೊತೆಗೇ ತೆಗೆದುಕೊಂಡು ಹೋಗುತ್ತೇನೆಂದು ಗುರು ಎಲ್ಲರೆದುರು ಹೇಳಿದ್ದರು. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ. ಚಳಿಗಾಲದಿಂದ ಅವರ ಕೆಮ್ಮು ಆ ಪ್ರಶ್ನೆಗೆ ಉತ್ತರ ಹೇಳುತ್ತಲೇ ಇತ್ತು.

ಅವರು ಚಿತ್ರಕ್ಕೆ ಒಪ್ಪಿದ್ದೇ ಒಂದು ವಿಚಿತ್ರ. ಪರದೆಯ ಪಕ್ಕ ನಿಂತು ಕಥೆ ಹೇಳುವ ಹಿನಾತ್ಸು ಎಂಬುವನು, ತೋಕಿಯೊದ ಕಡೆಯವನು, ಉದ್ದನೆಯ ಕರಿ ಕೋಟು ತೊಟ್ಟುಕೊಂಡು ಅನುಮತಿ ಕೇಳಲು ಮನೆಗೆ ಬಂದಿದ್ದ. ಅವನ ಮಾತು ಮುಗಿಯುವ ಹಾಗೆ ಕಾಣದಿದ್ದಾಗ ಗುರು ಎಂದಿನಂತೆ ನಕ್ಕು, "ಚಹಾ ಹಾಕಿದ ಅನ್ನ ಒಂದು ಬಟ್ಟಲು ತಿಂದು ಹೋಗಿ" ಎಂದರು. ಕ್ಯೋತೊದಲ್ಲಿ ಮನೆಯವರು ಹೀಗೆಂದರೆ ಬಂದವರು, ಅಯ್ಯೋ ಹೊತ್ತಾಯಿತು ಎಂದು ಏಳಬೇಕು. ಹೊರಗೆ ಹೋಗಿ ಎನ್ನುವುದಕ್ಕೆ ಇಲ್ಲಿ ಇದಕ್ಕಿಂತ ಒರಟು ಮಾತಿಲ್ಲ. ಹಿನಾತ್ಸು, "ಬಹಳ ಸಂತೋಷ ತಾಯಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದು ಕಾಲು ಮಡಿಸಿ ಕೂತೇ ಬಿಟ್ಟ. ಮನೆಯಲ್ಲಿ ಅನ್ನವೇ ಇರಲಿಲ್ಲ. ಒಮಿನೆ ಪಕ್ಕದ ಮನೆಗೆ ಓಡಿ ತಂದಳು. ಅವನು ಉಪ್ಪು ಹಾಕಿದ ಮೂಲಂಗಿಯನ್ನು ಕರಕರ ಕಡಿಯುತ್ತ ಇನ್ನೊಂದು ಬಟ್ಟಲು ಕೇಳಿದ. ಅವನು ಹೋದ ಮೇಲೆ ಗುರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇಷ್ಟು ವರ್ಷದಲ್ಲಿ ನಾನು ಹೇಳಿದ್ದನ್ನ ಹೇಳಿದ ಹಾಗೇ ನಂಬಿದವನು ಇವನೊಬ್ಬನೇ ಕಣೇ ಮಿನೆ. ಮಾಡ್ಕೊಳ್ಳಲಿ ಬಿಡು" ಎಂದಿದ್ದರು. ತಮ್ಮ ಮನೆಯ ಕುಣಿತವನ್ನು ಕಾಗದದಲ್ಲಿ ಬರೆದಿಡಬಾರದು, ಮೈಯಿಂದ ಮೈಗೆ ಮಾತ್ರ ದಾಟಿಸಬೇಕು ಎಂಬ ಕಟ್ಟಳೆಯನ್ನು ಒಮಿನೆ ಮೆಲ್ಲಗೆ ನೆನಪಿಸಿದಾಗ, "ಇದೇನು ಕಾಗದವಾ?" ಎಂದು ವಕೀಲರ ಹಾಗೆ ಹುಬ್ಬೇರಿಸಿದ್ದರು.

ನಿನ್ನೆಯವರೆಗೆ ಅವಳಿಗೆ ಏನೂ ಗೊತ್ತಿರಲಿಲ್ಲ. ನಿನ್ನೆ ಖಾಲಿ ಚಿತ್ರಮಂದಿರದಲ್ಲಿ, ನಾಳೆ ಎಲ್ಲ ಸರಿಯಿರಬೇಕಲ್ಲ ಎಂದು ಅವಳಿಗೂ ಕೊಫುಜಿಗೂ ಒಮ್ಮೆ ಹಾಕಿ ತೋರಿಸಿದರು. ಕೊಫುಜಿ ಗಿಯೊನ್ ಬೀದಿಯ ಗೆಯ್ಶಾ, ಗಂಡಸರ ಕೂಟಗಳಲ್ಲಿ ಹಾಡಿ ಕುಣಿಯುವವಳು, ಒಮಿನೆಯ ಬಳಿ ಕುಣಿತ ಕಲಿತವಳು, ಚಿತ್ರ ಓಡುವಾಗ ಪಕ್ಕದಲ್ಲಿ ಕೂತು ಶಮಿಸೆನ್ ಎಂಬ ತಂತಿವಾದ್ಯ ನುಡಿಸಬೇಕಾದವಳು. ಪರದೆಯ ಮೇಲೆ ಬೆಳಕು ಬಿತ್ತು, ಚಾಪೆ ಕಂಡಿತು, ಚಾಪೆಯ ಮೇಲೆ ಒಬ್ಬ ಹೆಂಗಸು ಕಂಡಳು. ಅವಳನ್ನು ನೋಡಿದ ತಕ್ಷಣ ಒಮಿನೆಗೆ ಅನ್ನಿಸಿದ್ದು ಇದು ನಾನು ಎಂದಲ್ಲ, ಇವರು ಗುರುಗಳು ಎಂದು. ಮಧ್ಯವಯಸ್ಸಿನ ಸವಾ ಗುರುಗಳು, ಹಳೆಯ ಮನೆಯ ಉತ್ತರದ ಕೋಣೆಯಲ್ಲಿ, ಬೆರಳು ಮರಗಟ್ಟಿಸುವ ಚಳಿಯಲ್ಲಿ, ಎದುರು ನಿಂತು ಕಲಿಸುತ್ತಿದ್ದ ಹಾಗೇ. ಹಾಗೆ ಯಾಕೆ ಅನ್ನಿಸಿತೆಂದು ತಿಳಿಯುವುದಕ್ಕೆ ಒಂದು ಗಳಿಗೆ ಹಿಡಿಯಿತು. ಆ ಹೆಂಗಸಿನ ಬೀಸಣಿಗೆ ಎಡಗೈಯಲ್ಲಿತ್ತು.

ಕಲಿಸುವವರು ಹಾಗೆಯೇ ಕುಣಿಯುವುದು. ಶಿಷ್ಯೆಯ ಎದುರು ಕನ್ನಡಿಯಾಗಿ ನಿಂತು, ಅವಳ ಬಲಗೈಗೆ ತಮ್ಮ ಎಡಗೈ, ಅವಳ ಎಡಹೆಜ್ಜೆಗೆ ತಮ್ಮ ಬಲಹೆಜ್ಜೆ. ನೋಡಿದವಳು ಯೋಚಿಸದೆ ನೋಡಿದ ಹಾಗೆ ಮಾಡಿದರೆ ಅವಳ ಮೈಯಲ್ಲಿ ಕುಣಿತ ನೆಟ್ಟಗೆ ಬರುತ್ತದೆ; ತಲೆಕೆಳಗು ಮಾಡುವ ಕಷ್ಟವೆಲ್ಲ ಗುರುವಿನದು. ಒಮಿನೆ ಅರ್ಧ ಆಯಸ್ಸು ಹಾಗೆ ಕುಣಿದಿದ್ದಾಳೆ. ಸಭೆಯಲ್ಲಿ ಕುಣಿದು ಎಷ್ಟೋ ಕಾಲವಾಯಿತು. ದೇವಸ್ಥಾನದ ಅಂಗಳದಲ್ಲಿ ಚಿತ್ರ ತೆಗೆದ ದಿನ ಮೈ ಅವಳನ್ನು ಒಂದು ಮಾತೂ ಕೇಳದೆ ಆ ದಾರಿಯನ್ನೇ ಹಿಡಿದಿತ್ತು. ಅದೂ ಎಂಥ ದಿನ! ಮುಚ್ಚಿದ ಕೋಣೆಯಲ್ಲಿ ಒಂದು ದೀಪದ ಬೆಳಕಿಗೆ, ಧೂಳೂ ಏಳದ ಹಾಗೆ ಕುಣಿಯಬೇಕಾದ್ದನ್ನು, ದೀಪ ಸಾಲದು ಸೂರ್ಯನೇ ಬೇಕು ಎಂದು ಜಲ್ಲಿಕಲ್ಲಿನ ಮೇಲೆ ಚಾಪೆ ಹಾಸಿ ನಡುಮಧ್ಯಾಹ್ನ ಕುಣಿಸಿದ್ದರು. ಗಾಳಿ ತೋಳಿನ ಸೆರಗನ್ನು ಮುಖಕ್ಕೆ ಹೊಡೆಯುತ್ತಿತ್ತು. ಹಿಂದೆ ಸನ್ಯಾಸಿಗಳ ಒಳಬಟ್ಟೆ ಒಣಗುತ್ತಿತ್ತು. ಕ್ಯಾಮೆರಾದವನು ಹಿಡಿಕೆ ತಿರುಗಿಸುತ್ತ, "ಸ್ವಲ್ಪ ಬೇಗ ಬೇಗ, ತಾಯಿ! ಸುರುಳಿ ಮುಗಿದುಹೋಗುತ್ತೆ!" ಎಂದು ಕೂಗುತ್ತಿದ್ದ. ಅವಳು ಎಲ್ಲಿ ನೋಡಬೇಕೆಂದು ತಿಳಿಯದೆ ಆ ಪೆಟ್ಟಿಗೆಯ ಗಾಜನ್ನು ನೋಡಿದಳು. ಗಾಜಿನೊಳಗೆ ಬೆರಳುಗುರಿನಷ್ಟು ಸಣ್ಣ ಹೆಂಗಸೊಬ್ಬಳು ನಿಂತು ತನ್ನನ್ನೇ ಬಹಳ ಗಮನವಿಟ್ಟು ನೋಡುತ್ತಿದ್ದಳು. ಪಾಪ, ಕಲಿಯುವುದಕ್ಕೆ ಬಂದಿದ್ದಾಳೆ ಎಂದು ಮೈಗೆ ಅನ್ನಿಸಿರಬೇಕು.

"ನೀನಾದರೂ ಹೇಳಬಾರದಾಗಿತ್ತಾ?" ಎಂದು ಕೇಳಿದಾಗ ಕೊಫುಜಿ ಕಣ್ಣರಳಿಸಿ, "ಏನಂತ, ಅಕ್ಕ? ನೀವು ಯಾವಾಗಲೂ ಎಡಗೈಯಲ್ಲೇ ತಾನೆ ಹಿಡಿಯೋದು? ನೀವು ಬಲಗೈಲಿ ಹಿಡಿದಿದ್ದರೆ ನನಗೆ ಗಾಬರಿ ಆಗ್ತಿತ್ತು" ಎಂದಳು. ಅದೂ ನಿಜ. ಒಮಿನೆಯ ಶಿಷ್ಯೆಯರಲ್ಲಿ ಯಾರೂ ಅವಳು ನೆಟ್ಟಗೆ ಕುಣಿದದ್ದನ್ನು ನೋಡಿರಲಿಲ್ಲ. ಇನ್ನೂ ಸರಿಯಾಗಿ ಯೋಚಿಸಿದರೆ, ಒಮಿನೆಯೂ ತನ್ನ ಗುರು ನೆಟ್ಟಗೆ ಕುಣಿದದ್ದನ್ನು ನೋಡಿರಲಿಲ್ಲ. ಸಭೆಗಳಲ್ಲಿ ಅವಳು ಬಟ್ಟೆ ಹಿಡಿದು ಹಿಂದೆ ಕೂತಿರುತ್ತಿದ್ದಳು, ಅಲ್ಲಿಂದ ಕಾಣುತ್ತಿದ್ದದ್ದು ಬೆನ್ನು. ಎಲ್ಲರೂ ತಪ್ಪಾದದ್ದನ್ನು ನೋಡಿ ನೋಡಿ ಸರಿಯಾದದ್ದನ್ನು ಕಲಿತವರೇ. ಆದರೆ ಈ ಮಾತನ್ನು ಗುರುಗಳೆದುರು ಆಡಲು ಆಗುತ್ತದೆಯೇ? ಪೂಜೆಗಿಟ್ಟ ಹಣ್ಣನ್ನು ತಪ್ಪಿ ಎಡಗೈಯಲ್ಲಿ ಎತ್ತಿಕೊಟ್ಟಳೆಂದು ಅವರು ಅವಳ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದವರು.

ಹಿನಾತ್ಸುವಿಗೆ ವಿಷಯ ಹೇಳಿದಾಗ ಅವನು ಮೀಸೆಯ ತುದಿ ತಿರುವಿ, "ಇಷ್ಟೇನಾ? ಫಿಲ್ಮಿನ ಪಟ್ಟಿಯನ್ನ ಮಗ್ಗುಲು ಬದಲಾಯಿಸಿ ಹಾಕಿದರೆ ಆಯ್ತು. ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ" ಎಂದ. ಹಾಗೇ ಹಾಕಿಸಿಯೂ ತೋರಿಸಿದ. ಬೀಸಣಿಗೆ ಬಲಗೈಗೆ ಬಂತು. ಹೆಜ್ಜೆ, ತಿರುವು, ಕೊರಳ ಬಾಗು, ಎಲ್ಲ ಕಟ್ಟಳೆಯಂತೆ ನೆಟ್ಟಗಾಯಿತು. ಒಮಿನೆ ಉಸಿರು ಬಿಟ್ಟಳು. ಹೆಚ್ಚು ಹೊತ್ತು ಅಲ್ಲ. ಪರದೆಯ ಮೇಲಿನ ಹೆಂಗಸಿನ ಎದೆಯಲ್ಲಿ ಬಲಮಗ್ಗುಲು ಮೇಲಿತ್ತು. ಸತ್ತವಳೊಬ್ಬಳು ಬಿಸಿಲಿನಲ್ಲಿ, ಒಳಬಟ್ಟೆಗಳ ಮುಂದೆ, ಒಂದೂ ತಪ್ಪಿಲ್ಲದೆ ಕುಣಿಯುತ್ತಿದ್ದಳು.

"ಅಯ್ಯೋ ತಾಯಿ, ಕಿಮೊನೊದ ಕೊರಳನ್ನ ಯಾರು ನೋಡ್ತಾರೆ?" ಎಂದ ಹಿನಾತ್ಸು. "ಜನ ಬರೋದು ರೈಲು ಬರೋದನ್ನ ನೋಡೋಕೆ."

"ಗಂಡಸರು ಮೊದಲು ನೋಡೋದೇ ಕೊರಳನ್ನ, ಸ್ವಾಮಿ" ಎಂದಳು ಕೊಫುಜಿ. "ನನ್ನ ಹೊಟ್ಟೆ ತುಂಬ್ತಾ ಇರೋದೇ ಅದರಿಂದ."

ಒಮಿನೆ ನಗಲಿಲ್ಲ. ತಪ್ಪಾಗಿ ಕುಣಿಯುವ ಜೀವಂತ ಹೆಂಗಸು, ಸರಿಯಾಗಿ ಕುಣಿಯುವ ಹೆಣ. ಇವೆರಡರಲ್ಲಿ ಯಾವುದನ್ನು ಗುರುಗಳಿಗೆ ತೋರಿಸುವುದು? ರಾತ್ರಿಯಿಡೀ ತೂಗಿದಳು. ಕುಣಿತದ ತಪ್ಪು ಮೊದಲ ಹೆಜ್ಜೆಗೇ ಅವರಿಗೆ ಕಾಣುತ್ತದೆ. ಕೊರಳು, ಆ ಮಬ್ಬಿನಲ್ಲಿ, ಆ ವಯಸ್ಸಿನ ಕಣ್ಣಿಗೆ, ಕಾಣದಿರಲೂಬಹುದು. ಬೆಳಿಗ್ಗೆ ಕನ್ನಡಿಯೆದುರಿನಿಂದ ಎದ್ದಾಗ ತೀರ್ಮಾನವಾಗಿತ್ತು. ಹೆಣವೇ ಸರಿ. ಹೋಗುವ ದಾರಿಯಲ್ಲಿ ಚಿತ್ರಮಂದಿರದ ಹಿಂಬಾಗಿಲಲ್ಲಿ ನಿಂತು, "ನಿನ್ನೆ ಎರಡನೇ ಸಲ ಹಾಕಿದ ಹಾಗೇ ಹಾಕಿ" ಎಂದು ಹಿನಾತ್ಸುವಿಗೆ ಹೇಳಿ ಗುರುವಿನ ಮನೆಗೆ ನಡೆದಳು. ಕಾಲುಗಳು ಹಗುರಾಗಿದ್ದವು. ಎಷ್ಟು ಸುಲಭವಾಗಿ ಸತ್ತೆನಲ್ಲ ಎನ್ನಿಸಿತು.

ಗುರುಗಳು ಬೂದುಬಣ್ಣದ ಕಿಮೊನೊ ಉಟ್ಟು ಸಿದ್ಧರಾಗಿ ಹೊಸ್ತಿಲಲ್ಲಿ ಕೂತಿದ್ದರು. ಎಷ್ಟು ಕುಗ್ಗಿದ್ದರೆಂದರೆ ರಿಕ್ಷಾ ಎಳೆಯುವವನು ಅವರನ್ನು ಎತ್ತಿ ಕೂರಿಸಿ, "ಅಜ್ಜಿ ಹತ್ತಿದರಾ ಇಲ್ಲವಾ?" ಎಂದು ತಿರುಗಿ ನೋಡಿ ಖಚಿತ ಮಾಡಿಕೊಂಡ. "ಹತ್ತಿದೀನಿ ಕಣಯ್ಯ, ಇನ್ನೊಂದು ಗಾಡಿಗೆ ಇನ್ನೂ ಹತ್ತಿಲ್ಲ" ಎಂದರು ಗುರು. ಒಮಿನೆ ಪಕ್ಕದಲ್ಲಿ ಬೇಗಬೇಗ ನಡೆದಳು. ಚಿತ್ರಮಂದಿರದ ಮುಂದೆ ಇಳಿದಾಗ, ಬಣ್ಣದ ಬಾವುಟಗಳ ಕೆಳಗೆ, ಗುರು ತಲೆಯೆತ್ತಿ ಅವಳನ್ನು ನೋಡಿ ಮುಖ ಗಂಟಿಕ್ಕಿದರು. "ಇಲ್ಲಿ ಬಾಗು" ಎಂದರು. ಬಾಗಿದಳು. ನಡೆದ ರಭಸಕ್ಕೆ ಕಿಮೊನೊದ ಕೊರಳು ಸಡಿಲಾಗಿತ್ತು. ಗುರು ತಮ್ಮ ಎರಡು ಒಣಗಿದ ಕೈಗಳಿಂದ ಎಡಮಗ್ಗುಲನ್ನು ಎಳೆದು ಮೇಲೆ ಕೂರಿಸಿ, ಅಂಗೈಯಿಂದ ಒಮ್ಮೆ ತಟ್ಟಿದರು. ಅವಳು ಮೊಣಕಾಲುದ್ದದ ಗಿಡ್ಡ ಉಡುಪಿನ ಹುಡುಗಿಯಾಗಿ ಮೊದಲ ದಿನ ಅವರ ಮನೆಗೆ ಬಂದಾಗ ತಟ್ಟಿದ ಹಾಗೇ. "ಕತ್ತೆಗಾದಷ್ಟು ವಯಸ್ಸಾಯ್ತು, ಇನ್ನೂ ನಾನೇ ನೋಡಬೇಕು" ಎಂದರು. ಆ ಕೈಯಲ್ಲಿ ಔಷಧಿಯ ವಾಸನೆ ಇತ್ತು.

ಒಳಗೆ ಹೋಗಿ, ಜನ ಚಪ್ಪಲಿ ಕಳಚುವ ಗದ್ದಲದಲ್ಲಿ, ಗುರುಗಳಿಗೆ ದಿಂಬು ಹಾಕಿ ಕೂರಿಸಿದ ಮೇಲೂ ಎದೆಯ ಮೇಲೆ ಆ ತಟ್ಟಿದ ಜಾಗ ಬೆಚ್ಚಗಿತ್ತು. ಈ ಕೈಗಳು ಸರಿಮಾಡಿದ ಕೊರಳನ್ನು ಇನ್ನೊಂದು ಗಳಿಗೆಯಲ್ಲಿ ಈ ಕಣ್ಣುಗಳಿಗೆ ಹೆಣದ ಕೊರಳು ಮಾಡಿ ತೋರಿಸುವುದೇ? ಮನಸ್ಸಿಗೆ ಬಂದದ್ದು ಭಕ್ತಿಯೋ, ಅಪಶಕುನದ ಭಯವೋ, ಸುಮ್ಮನೆ ನಾಚಿಕೆಯೋ ಅವಳು ವಿಂಗಡಿಸಲಿಲ್ಲ. ವಿಂಗಡಿಸುತ್ತ ಕೂತರೆ ಹೊತ್ತು ಮೀರುತ್ತಿತ್ತು. ಪರದೆಯ ಪಕ್ಕ ತಂತಿ ಬಿಗಿಯುತ್ತಿದ್ದ ಕೊಫುಜಿಯ ಬಳಿಗೆ ಮೊಣಕಾಲಲ್ಲೇ ಸರಿದಳು.

"ಹಿನಾತ್ಸು ಅವರಿಗೆ ಹೇಳು. ಮೊದಲಿನ ಹಾಗೇ ಹಾಕಲಿ."

"ಎಡಗೈದಾ?" ಕೊಫುಜಿ ತಂತಿ ಬಿಟ್ಟು ಅವಳ ಮುಖ ನೋಡಿದಳು. "ಅಕ್ಕ, ಹೆಸರು ಹೋಗುತ್ತೆ."

"ಹೋಗಲಿ."

"ಮೊದಲೇ ಹೇಳಬಾರದಾ? ಅವನು ಮೀಸೆಗೆ ಎಣ್ಣೆ ಹಾಕ್ತಾ ಇರ್ತಾನೆ, ಆಗ ಬಾಗಿಲು ತಟ್ಟಿದರೆ ಕಚ್ಚೋಕೆ ಬರ್ತಾನೆ" ಎಂದು ಗೊಣಗುತ್ತ ಹೋದಳು. ಹೋಗಿ ಬಂದು ದೂರದಿಂದಲೇ ಆಯಿತೆಂದು ತಲೆಯಾಡಿಸಿದಳು. ಹೋಗಲಿ ಎಂದ ತನ್ನ ದನಿ ಒಮಿನೆಗೆ ಇಷ್ಟವಾಯಿತು. ಅದನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡಳು. ಎರಡನೆಯ ಸಲಕ್ಕೆ ಅದು ಅಷ್ಟು ಗಟ್ಟಿಯಾಗಿರಲಿಲ್ಲ.

ಕತ್ತಲಾಯಿತು. ಮೊದಲು ಒಂದು ರೈಲು ಬಂತು, ಹೆಂಗಸರು ಕಿರುಚಿದರು, ಗುರು ಮಾತ್ರ, "ಇಷ್ಟು ಹೊಗೆ, ಒಂಚೂರೂ ವಾಸನೆ ಇಲ್ಲ" ಎಂದರು. ಆಮೇಲೆ ಹಿನಾತ್ಸು ಗಂಟಲು ಸರಿಮಾಡಿಕೊಂಡು, "ಮಹಾಜನಗಳೇ! ರಷ್ಯಾದ ಯುದ್ಧಕ್ಕೆ ಹೋದ ಗಂಡನಿಗಾಗಿ ಕಡಲ ತೀರದಲ್ಲಿ ಹಗಲಿರುಳೂ ಕಾದು ನಿಂತ ಮಹಾಸತಿಯನ್ನು ನೋಡಿ! ಆಹಾ, ಫಿರಂಗಿಯ ಸದ್ದು ಅವಳ ಕಿವಿಗೆ ಬಿದ್ದಿದೆ!" ಎಂದು ಗುಡುಗಿದ. ಇನ್ನೂರು ವರ್ಷ ಹಿಂದಿನ ಹಾಡಿನ ಆ ಹೆಂಗಸು ಒಂದು ಸಣ್ಣ ನದಿಯ ದಡದಲ್ಲಿ, ಬೇರೊಬ್ಬಳ ಗಂಡನಿಗಾಗಿ ಕಾಯುತ್ತಿದ್ದವಳು. ಯಂತ್ರದವನು ಹಿಡಿಕೆಯನ್ನು ಎಷ್ಟು ಜೋರಾಗಿ ತಿರುಗಿಸಿದನೆಂದರೆ ಅವಳು ಕಣ್ಣೊರೆಸಿಕೊಂಡದ್ದು ಸೊಳ್ಳೆ ಹೊಡೆದ ಹಾಗೆ ಕಂಡಿತು. ಕೊಫುಜಿ ಹಲ್ಲು ಕಚ್ಚಿ ಶಮಿಸೆನ್ನಿನಲ್ಲಿ ಅವಳ ಹಿಂದೆ ಓಡುತ್ತಿದ್ದಳು. ಯಾರೋ ಮುದುಕ ಬಿಕ್ಕಿದ; ಅವನ ಮಗ ಯುದ್ಧಕ್ಕೆ ಹೋಗಿದ್ದಿರಬೇಕು. ಬೀಸಣಿಗೆ ಎಡಗೈಯಲ್ಲಿ ಅರಳಿತು. ಒಮಿನೆ ಪರದೆಯನ್ನು ನೋಡಲಿಲ್ಲ. ಪಕ್ಕದಲ್ಲಿ ಗುರುಗಳ ಮಡಿಲನ್ನು ನೋಡುತ್ತಿದ್ದಳು.

ಮಡಿಲಲ್ಲಿ ಅವರ ಬಲಗೈ ಎದ್ದಿತು. ಇಲ್ಲದ ಬೀಸಣಿಗೆಯೊಂದನ್ನು ಮೆಲ್ಲಗೆ ಬಿಚ್ಚಿತು. ಪರದೆಯ ಹೆಂಗಸು ತನ್ನ ಬಲಕ್ಕೆ ವಾಲಿದಾಗ ಗುರುಗಳ ಭುಜ, ಕಂಡೂ ಕಾಣದ ಹಾಗೆ, ಎಡಕ್ಕೆ ವಾಲಿತು. ಅವಳು ಎಡಗೈ ಸೆರಗನ್ನು ಹಣೆಗೆ ತಂದು ದೂರದ ದೀಪ ಅವನ ದೋಣಿಯದಲ್ಲವೆಂದು ತಿಳಿದುಕೊಂಡಾಗ ಇವರ ಬಲಗೈ ಅರ್ಧ ದಾರಿ ಏರಿ, ಕೆಮ್ಮು ಬಂದು, ನಿಂತಿತು. ಕಲಿಯುವವರ ಹಾಗೆ, ಯೋಚಿಸದೆ, ನೋಡಿದ ಹಾಗೆ. ಒಮಿನೆಗೆ ತಾನು ಅಳುತ್ತಿದ್ದೇನೆಂದು ಗೊತ್ತಾಯಿತು, ಅದರ ಬೆನ್ನಿಗೇ ಬಚಾವಾದೆ ಎಂಬ ಯೋಚನೆಯೂ ಬಂತು. ಯಾವುದು ಮೊದಲು ಬಂತೆಂದು ಆಮೇಲೆ ಎಷ್ಟು ಕೆದಕಿದರೂ ಅವಳಿಗೆ ಖಚಿತವಾಗಿ ಹೇಳಲಾಗಲಿಲ್ಲ.

ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿತ್ತು. ರಿಕ್ಷಾ ಬರುವವರೆಗೆ ಗುರುಗಳನ್ನು ಟಿಕೆಟ್ಟಿನ ಕಟ್ಟೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಹಿನಾತ್ಸು ಬೆವರು ಒರೆಸಿಕೊಳ್ಳುತ್ತ ಹೊಗಳಿಕೆಗಾಗಿ ಕಾದು ನಿಂತ. ಶಮಿಸೆನ್ ಎತ್ತಿಕೊಂಡು ಕೊಫುಜಿಯೂ ಬಂದಳು. ಗುರು ಯಾರನ್ನೂ ನೋಡದೆ ತಮ್ಮ ಬಲಗೈಯನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಮಿನೆ, ಕಲಿಸೋ ಹಾಗೆ ಕುಣಿದಿದೀಯಲ್ಲೇ."

"ಹೌದು ಗುರುಗಳೇ."

"ಬೇಕಂತಲೇ ಮಾಡಿದ್ಯಾ, ಮರೆತು ಮಾಡಿದ್ಯಾ?"

ಎಷ್ಟು ಸಾದಾ ಪ್ರಶ್ನೆ. ಗುರುಗಳ ಮುಖದಲ್ಲಿ ಕೋಪವಿರಲಿಲ್ಲ. ತುಟಿಯ ಅಂಚಿನಲ್ಲಿ, ಅನ್ನ ಕೇಳಿದ ಹಿನಾತ್ಸುವನ್ನು ನೋಡಿದ ದಿನದ್ದೇ ನಗು ಹೊರಡಲು ಸಿದ್ಧವಾಗಿ ನಿಂತಿರುವಂತೆ ಕಂಡಿತು. ಆದರೆ ಕಾಣುವುದನ್ನು ನಂಬಿ ಒಮಿನೆಗೆ ಅಭ್ಯಾಸವಿಲ್ಲ. ಮರೆತೆ ಎಂದರೆ? ಮನೆಯ ಕುಣಿತವನ್ನು ಮರೆಯುವವಳಿಗೆ ಮನೆಯ ಹೆಸರೇ? ಚಿತ್ರಮಂದಿರದೊಳಗೆ 'ಹೋಗಲಿ' ಎಂದಿದ್ದ ಆ ಗಟ್ಟಿ ದನಿಯನ್ನು ಹುಡುಕಿದಳು. ಅದು ಕತ್ತಲೆಯಲ್ಲಿ, ದಿಂಬಿನ ಹತ್ತಿರ ಎಲ್ಲೋ ಬಿದ್ದುಹೋಗಿತ್ತು. ಬೇಕಂತಲೇ ಎಂಬುದಕ್ಕೂ ಮರೆತು ಎಂಬುದಕ್ಕೂ ನಡುವೆ ಒಂದು ಮಾತಿರಬೇಕು, ಮೈ ತಾನಾಗಿ ಮಾಡಿತು ಎನ್ನಬಹುದಿತ್ತು, ಆದರೆ ಅದನ್ನು ಹೇಳಲು ಬಹಳ ಹೊತ್ತು ಬೇಕು, ರಿಕ್ಷಾ ಆಗಲೇ ಬಂದು ನಿಂತಿತ್ತು. ಹಿನಾತ್ಸು ನೋಡುತ್ತಿದ್ದ. ಕೊಫುಜಿ ನೋಡದ ಹಾಗೆ ನೋಡುತ್ತಿದ್ದಳು.

"ಬೇಕಂತಲೇ, ಗುರುಗಳೇ" ಎಂದಳು ಒಮಿನೆ. "ಮುಂದೆ ಇದನ್ನ ನೋಡೋರು ಕಲಿಯೋರು ಅಲ್ಲವಾ, ಅವರಿಗೆ ಸುಲಭ ಆಗಲಿ ಅಂತ."

ಕೊಫುಜಿ ತಲೆ ತಗ್ಗಿಸಿ ಶಮಿಸೆನ್ನಿನ ಚೀಲದ ದಾರ ಬಿಗಿದಳು. ಅದು ಮೊದಲೇ ಬಿಗಿಯಾಗಿತ್ತು. ಗುರು ಒಮಿನೆಯ ಮುಖವನ್ನು ನೋಡಿದರು, ಆಮೇಲೆ ಅವಳ ಕೊರಳನ್ನು. ಅದು ಮತ್ತೆ ಸ್ವಲ್ಪ ಸಡಿಲಾಗಿತ್ತು. ಅವರು ಕೈ ಎತ್ತಲಿಲ್ಲ.

"ಹಾಗಾ" ಎಂದರು. "ಬಹಳ ಮುಂದಾಲೋಚನೆ. ಹೆಸರು ನಿಮ್ಮದೇ, ಒಮಿನೆ ಅವರೇ. ಹೇಳಿದ ಮಾತು ಹೇಳಿದ್ದೇ."

ರಿಕ್ಷಾದವನು ಅವರನ್ನು ಎತ್ತಿ ಕೂರಿಸಿದ. ಒಮಿನೆ ಬಾಗಿದ್ದವಳು ಬಾಗಿಯೇ ಇದ್ದಳು. ನಿಮ್ಮದೇ ಎಂಬ ಮಾತು, ಅವರೇ ಎಂಬ ಮಾತು, ಕಲ್ಲುಹಾಸಿನ ಮೇಲೆ ಬಿದ್ದ ಬೇರೆ ಯಾರದೋ ಸಾಮಾನಿನಂತೆ ಅವಳ ಕಣ್ಣೆದುರಿದ್ದವು. ಮೇಲಿಂದ ಗುರುಗಳ ದನಿ, ತಮ್ಮಷ್ಟಕ್ಕೇ ಆಡಿಕೊಂಡಂತೆ, ಬಂತು. "ನಾನಾಗಿದ್ದರೆ ಮರೆತೇ ಹೋಗ್ತಿತ್ತು. ಆ ಬಿಸಿಲಲ್ಲಿ, ಆ ಗಾಜಿನ ಮುಂದೆ... ಮರೆಯದೆ ಇನ್ನೇನು?" ಅವಳು ಥಟ್ಟನೆ ತಲೆಯೆತ್ತಿ ಬಾಯಿ ತೆರೆದಳು. ಗುರು ಆಗಲೇ ನಗುತ್ತಿದ್ದರು, ನೆರೆಯವರನ್ನೆಲ್ಲ ಕಂಡು ನಗುವ ಹಾಗೆ, ಬಹಳ ಸೊಗಸಾಗಿ.

"ಬಿಡುವಾದಾಗ ಮನೆ ಕಡೆ ಬನ್ನಿ" ಎಂದರು. "ಚಹಾ ಹಾಕಿದ ಅನ್ನ ಒಂದು ಬಟ್ಟಲು ತಿಂದು ಹೋಗುವಿರಂತೆ."

ಗಾಡಿ ಬಾವುಟಗಳ ಕೆಳಗೆ ಹಾದು ತಿರುವಿನಲ್ಲಿ ಮರೆಯಾಯಿತು. ಕೊಫುಜಿ, "ಅಕ್ಕ" ಎಂದು ಅಷ್ಟಕ್ಕೇ ನಿಲ್ಲಿಸಿದಳು. ಹಿನಾತ್ಸು ಒಮಿನೆಯ ಹತ್ತಿರ ಬಂದು, ದೊಡ್ಡ ಗೌರವ ಸಿಕ್ಕವರನ್ನು ಅಭಿನಂದಿಸುವಂತೆ ಟೊಪ್ಪಿಗೆ ತೆಗೆದ.

"ಖಂಡಿತ ಹೋಗಿ ಬನ್ನಿ ತಾಯಿ" ಎಂದ. "ಆ ಮನೆ ಅನ್ನ ಬಲು ರುಚಿ."